ವಿದುರಿ ಕೇಳುತ್ತಲೇ ಇದ್ದಳು

ನನ್ನ ಮಗಳು ವಿದುರಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕೂಗಿದರೂ ತಿರುಗುತ್ತಿರಲಿಲ್ಲ. ಜಾವಾ ದ್ವೀಪದ ನಮ್ಮೂರಲ್ಲಿ ಇದಕ್ಕೆ ಅಜ್ಜಿಯರ ಮದ್ದೊಂದಿದೆ. ಅತ್ತೆ ಪ್ರತಿ ಶುಕ್ರವಾರ ತಮ್ಮ ಚಿನ್ನದ ಉಂಗುರ ತೆಗೆದು ಮಗುವಿನ ನಾಲಿಗೆಗೆ ಉಜ್ಜುತ್ತಿದ್ದರು. ಅವಳು ಕೈ ತಳ್ಳಿ ಕಿರುಚುತ್ತಿದ್ದಳು. ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದವಳು ನಾನೇ.

ಮಕ್ಕಳ ತೂಕ ನೋಡಲು ಬರುವ ಆರೋಗ್ಯ ಕಾರ್ಯಕರ್ತೆ ಯಾತ್ಮಿ ಅಕ್ಕ ಆಗಲೇ ಎಚ್ಚರಿಸಿದ್ದರು.

"ತುಮಿನಿ, ಇದು ಆಟಿಸಂ ಇರ್ಬೋದು ಕಣೇ. ಆಸ್ಪತ್ರೇಲಿ ತೋರ್ಸು. ಅಲ್ಲಿ ಅಪ್ಪ ಅಮ್ಮಂಗೂ ತರಬೇತಿ ಕೊಡ್ತಾರೆ."

"ಮಾತು ಬರ್ದಿರೋದು ಮಗೂಗೆ. ತರಬೇತಿ ನಂಗ್ಯಾಕಕ್ಕ?"

"ದಿನವೆಲ್ಲಾ ಅವಳ ಜೊತೆ ಇರೋಳು ನೀನಾ, ಡಾಕ್ಟ್ರಾ?"

ಅತ್ತೆ ಒಳಗಿಂದಲೇ ಕೂಗಿದರು: "ನನ್ ಮಗಾನೂ ತಡವಾಗೇ ಮಾತಾಡಿದ್ದು. ಈಗ ಬಾಯಿ ಮುಚ್ಸೋಕೆ ಆಗುತ್ತಾ ನೋಡು!"

ನಾವು ನಕ್ಕೆವು. ಆ ನಗುವಿನಲ್ಲೇ ಎರಡು ವರ್ಷ ಕಳೆದುಹೋಯಿತು.

ಐದು ತುಂಬಿದ ಮೇಲೆ ಆಸ್ಪತ್ರೆಗೆ ಹೋದೆವು. ಆಟಿಸಂ ಎಂದೇ ಹೇಳಿದರು. ತರಬೇತಿಗೆ ಅತ್ತೆಯೂ ಬಂದರು, "ಅದೇನ್ ಕಲಿಸ್ತಾರೋ ನೋಡೇಬಿಡ್ತೀನಿ" ಅಂತ. ಅಲ್ಲಿ ವಿದುರಿ ನನ್ನ ಮಣಿಕಟ್ಟು ಹಿಡಿದು ಮೇಜಿನ ಮೇಲಿದ್ದ ಸೀಗಡಿ ಹಪ್ಪಳದ ಡಬ್ಬಿಯತ್ತ ಎಳೆದಳು.

"ನೋಡಿ, ಕೇಳಿದ್ಳು" ಎಂದರು ಕಲಿಸುವಾಕೆ.

"ಎಲ್ಲಿ ಕೇಳಿದ್ಳು?"

"ಕೈ ಎಳೆದ್ಳಲ್ಲಮ್ಮ, ಅದೇ ಅವಳ ಮಾತು. ಎಳೆದ್ರೆ ಬೇಕು, ತಳ್ಳಿದ್ರೆ ಬೇಡ."

ಹಾಗೆ ಎಳೆದಾಗಲೆಲ್ಲ ಮನೆಯಲ್ಲಿ ನಾನು ಆ ಕೈಗೆ ಹೊಡೆದಿದ್ದೆ. ಅತ್ತೆ ಮೆಲ್ಲಗೆ ಕೇಳಿದರು, "ಹಂಗಾದ್ರೆ ಉಂಗುರ ಉಜ್ಜೋವಾಗ ತಳ್ತಿದ್ದದ್ದು?" ಕಲಿಸುವಾಕೆ ಹೌದೆಂದು ತಲೆಯಾಡಿಸಿದರು. ನನಗೆ ಅಳು ತಡೆಯಲಾಗಲಿಲ್ಲ.

ಅವಳ ಮುಖಕ್ಕೆ ಸಮನಾಗಿ ಕೂರುವುದು, ಅವಳು ಆಡುವ ಆಟವನ್ನೇ ಆಡುವುದು, ಚಿಕ್ಕ ಮಾತು ಹೇಳುವುದು, ಆಮೇಲೆ ಬಾಯಿ ಮುಚ್ಚಿ ಕಾಯುವುದು. ಕಲಿತದ್ದು ಇಷ್ಟೇ. ಕಾಯುವುದೇ ಕಷ್ಟ. ಅವಳೇ ಕೇಳಲಿ ಎಂದು ನಾನು ಡಬ್ಬಿ ಹಿಡಿದು ಕೂತರೆ ಅತ್ತೆ ತಡೆಯಲಾರದೆ, "ಕೊಟ್ಬಿಡೇ, ಕಲ್ಲೆದೆಯೋಳೇ!" ಎನ್ನುತ್ತಿದ್ದರು. ಮೂರು ವಾರದ ಮೇಲೆ ವಿದುರಿ ಡಬ್ಬಿ ನೋಡುವುದನ್ನು ಬಿಟ್ಟು ನನ್ನ ಕಣ್ಣು ನೋಡಿದಳು. "ಬೇಕಾ?" ಎಂದೆ. ಕೈ ಚಾಚಿದಳು. ಈಗ ಅತ್ತೆಯೇ ಬೀದಿಯವರಿಗೆಲ್ಲ ಹೇಳುತ್ತಾರೆ, "ಆತುರ ಬೇಡ, ಮಗೂಗೆ ಪುರುಸೊತ್ತು ಕೊಡ್ರೇ" ಅಂತ.

ಈಗ ವಿದುರಿಗೆ ಆರು ವರ್ಷ. ಎರಡು ಮಾತು ಆಡುತ್ತಾಳೆ, ಬೆರಳು ತೋರಿಸಿ ನೂರು ಹೇಳುತ್ತಾಳೆ. ಯಾತ್ಮಿ ಅಕ್ಕ ಹೇಳಿದ ದಿನವೇ ಹೋಗಿದ್ದರೆ ಎಂದು ದಿನವೂ ಅನಿಸುತ್ತದೆ.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗು ಕೂಗಿದರೆ ತಿರುಗುತ್ತಿಲ್ಲವೇ? ಬೇಕಾದ್ದಕ್ಕೆ ಬೆರಳು ತೋರಿಸುತ್ತಿಲ್ಲವೇ? ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮಗೂ ತರಬೇತಿ ಕೇಳಿ. ನಾನು ತಡ ಮಾಡಿದೆ, ನೀವು ಮಾಡಬೇಡಿ.