ಪಾತ್ರೆ ಶುಚಿಯಾಗಿತ್ತೇ?

ಒಳಚರಂಡಿ ಕಚೇರಿಯ ನಿರೀಕ್ಷಕ ಮಂಗೇಶ ತಳೇಕರನ ಪ್ರಾಮಾಣಿಕತೆ ಕಾರವಾರಕ್ಕೆಲ್ಲ ಗೊತ್ತಿತ್ತು. ಗೊತ್ತಿರುವಂತೆ ಅವನೂ ನೋಡಿಕೊಂಡಿದ್ದ. ತಪಾಸಣೆಗೆ ಹೋದಲ್ಲಿ ಚಹಾ ಕೊಟ್ಟರೆ ಕುಡಿಯುತ್ತಿರಲಿಲ್ಲ. ಕುಡಿಯಲಿಲ್ಲವೆಂಬುದನ್ನು ಸಂಜೆಯೊಳಗೆ ನಾಲ್ಕು ಜನಕ್ಕೆ ಹೇಳದೆ ಇರುತ್ತಲೂ ಇರಲಿಲ್ಲ.

ಊರಿನಲ್ಲಿ ಹೊಸ ಒಳಚರಂಡಿ ಹಾಸಿ ಎರಡು ವರ್ಷವಾಗಿತ್ತು. ಸಣ್ಣ ಕಾರ್ಖಾನೆಗಳು ತಮ್ಮ ನೀರನ್ನು ಅದೇ ಕೊಳವೆಗೆ ಬಿಡಬಹುದೆಂದು ನಿಯಮ ಹೇಳುತ್ತಿತ್ತು. ಆದರೆ ಕೊಳವೆಯನ್ನಾಗಲಿ, ಅದನ್ನು ಸ್ವಚ್ಛ ಮಾಡಲು ಇಳಿಯುವವನನ್ನಾಗಲಿ ಸುಡುವಂಥದ್ದು ಅದರಲ್ಲಿ ಇರಕೂಡದು. ಅಂಥ ಒಂದು ಕಾರ್ಖಾನೆಯ ಮಾಲೀಕ ವಿಕಾಸ ಬಾಬ ಮೀನುಗಾರಿಕೆ ಬೋಟುಗಳ ಸರಪಳಿ, ಲಂಗರುಗಳಿಗೆ ಸತುವಿನ ಲೇಪ ಹಾಕಿಸುತ್ತಿದ್ದ. ಲೇಪಕ್ಕೆ ಮುಂಚೆ ಕಬ್ಬಿಣವನ್ನು ಆಸಿಡ್ಡಿನಲ್ಲಿ ಅದ್ದಬೇಕು. ಹಳತಾದ ಆಸಿಡ್ಡಿಗೆ ಸುಣ್ಣ ಕಲಸಿ, ಅದರ ಖಾರ ಸಾಯಿಸಿ, ಆಮೇಲೆ ಚರಂಡಿಗೆ ಬಿಡಬೇಕು. ಇದಕ್ಕೆಂದು ಕಾರ್ಖಾನೆಯ ಹಿಂದೆ ಒಂದು ತೊಟ್ಟಿ ಕಟ್ಟಿಸಿದ್ದ. ತೊಟ್ಟಿ ಸದಾ ಒಣಗಿರುತ್ತಿತ್ತು. ಒಮ್ಮೆ ಮಂಗೇಶ ಹೋದಾಗ ಅದರಲ್ಲಿ ನಾಯಿಯೊಂದು ಮರಿ ಹಾಕಿತ್ತು.

ಕಾರ್ಖಾನೆಯಿದ್ದ ಬೀದಿಯ ಚೇಂಬರು, ಅಂದರೆ ಚರಂಡಿಯ ಗುಂಡಿ, ಕಟ್ಟಿಕೊಂಡಾಗಲೆಲ್ಲ ಇಳಿಯುತ್ತಿದ್ದವನು ಹುಲಿಯಾ. ಅಂಕೋಲೆ ಕಡೆಯ ಹಳ್ಳಿಯವನು. ಒಂದೆಕರೆ ಶೇಂಗಾ ಗದ್ದೆ. ಕೊಳವೆ ಹಾಸಲು ಮಣ್ಣು ಅಗೆಯಲೆಂದು ಬಂದವನನ್ನು ಗುತ್ತಿಗೆದಾರ ತುಳಸಿದಾಸ ಹಾಗೇ ಉಳಿಸಿಕೊಂಡಿದ್ದ. ಏಪ್ರಿಲ್ಲಿನ ಒಂದು ಬೆಳಿಗ್ಗೆ ಹುಲಿಯಾ ಕಚೇರಿಯ ಜಗಲಿಯಲ್ಲಿ ಕೂತು ಪಾದ ಎತ್ತಿ ತೋರಿಸಿದ. ಬೆರಳ ಸಂದಿಗಳಲ್ಲಿ ಚರ್ಮ ಸುಲಿದಿತ್ತು.

"ಅದು ನೀರಲ್ಲ ಒಡೆಯಾ. ನನ್ನ ಹೆಂಡ್ತಿ ತಿಮ್ಮಿ ಮೂರು ದಿನದಿಂದ ಕೊಬ್ರಿ ಎಣ್ಣೆ ಹಚ್ತಾ ಅದೆ. ಹಚ್ಚೂಕೆ ಚರ್ಮವೇ ಇಲ್ಲ ಅಂತ ಬೈತದೆ."

"ನಾನಿದ್ದೇನಲ್ಲ. ಸ್ಯಾಂಪಲ್ ತೆಗೀತೇನೆ, ಲ್ಯಾಬಿಗೆ ಕಳಿಸ್ತೇನೆ. ಕಾಗದದಲ್ಲಿ ಬಂತು ಅಂದ್ರೆ ಕನೆಕ್ಷನ್ನೇ ಕಟ್."

"ಕಾಗದದಲ್ಲಿ ಬರೂದು ಯಾವಾಗ? ಕಾಲಲ್ಲಿ ಬಂದೇ ಬಿಟ್ಟದೆ."

ತೊಡಕಿದ್ದದ್ದು ಸ್ಯಾಂಪಲ್ಲಿನ ನಿಯಮದಲ್ಲೇ. ಕಾರ್ಖಾನೆಗೆ ಏಳು ದಿನ ಮೊದಲು ನೋಟೀಸು ಕೊಡಬೇಕು, ಮಾಲೀಕನ ಸಮಕ್ಷಮ ನೀರು ತುಂಬಬೇಕು. ಹಿಂದೆ ಎರಡು ಸಲ ಹಾಗೆ ಮಾಡಿದಾಗ ವಿಕಾಸ ಬಾಬನ ಕೊಳವೆಯಿಂದ ಬಂದ ನೀರಿನಲ್ಲಿ ಬೇಳೆ ಬೇಯಿಸಬಹುದಿತ್ತು. ಇನ್ನು, ಸ್ಯಾಂಪಲ್ ತುಂಬಲು ಕಚೇರಿಯಲ್ಲಿ ಬಾಟಲಿಯೇ ಇರಲಿಲ್ಲ. ಬಾಟಲಿ ಬೇಕೆಂಬ ಬೇಡಿಕೆ ಪತ್ರ ಎರಡು ವರ್ಷದಿಂದ ಮೇಜಿನಿಂದ ಮೇಜಿಗೆ ಸಂಚಾರ ಮಾಡುತ್ತಿತ್ತು. ಅಲ್ಲಿಯತನಕ ನಿರೀಕ್ಷಕರು ತಂತಮ್ಮ ಮನೆಯಿಂದ ಪ್ಲಾಸ್ಟಿಕ್ ಕ್ಯಾನು ತರುವುದೆಂದು ರೂಢಿಯಾಗಿತ್ತು. ಹೆಂಡತಿಯರು ಅವನ್ನು ತೊಳೆದು ಬಿಸಿಲಿಗಿಡುತ್ತಿದ್ದರು.

ಮೇ ತಿಂಗಳ ನಡುವೆ ಮಂಗೇಶ ನೋಟೀಸು ಕೊಟ್ಟು, ಏಳು ದಿನ ಕಾದು, ಮನೆಯಿಂದ ಬಿಳಿಯ ಕ್ಯಾನು ಹಿಡಿದು ಹೋದ. ವಿಕಾಸ ಬಾಬ ಇಸ್ತ್ರಿ ಶರ್ಟು ಹಾಕಿ ಚೇಂಬರಿನ ಪಕ್ಕ ನಿಂತಿದ್ದ. ನೀರು ತುಂಬಿತು, ಅರಗು ಬಿತ್ತು, ಇಬ್ಬರೂ ಸಹಿ ಹಾಕಿದರು. ನಮೂನೆಯ ಒಂಬತ್ತನೆಯ ಕಲಮಿನಲ್ಲಿ "ಪಾತ್ರೆ ಶುಚಿಯಾಗಿತ್ತೇ?" ಎಂದಿತ್ತು. ಮಂಗೇಶ ತನ್ನ ದುಂಡು ಅಕ್ಷರದಲ್ಲಿ "ಹೌದು" ಎಂದು ಬರೆದ.

ಹತ್ತು ದಿನಕ್ಕೆ ಲ್ಯಾಬಿನ ವರದಿ ಬಂತು: ಆಮ್ಲ ಮಿತಿಗಿಂತ ಬಹಳ ಹೆಚ್ಚು, ಬಣ್ಣ ನಸುಗೆಂಪು, ತುಕ್ಕಿನದಿರಬಹುದು. ಮಂಗೇಶ ವರದಿಯನ್ನು ಎರಡು ಸಲ ಓದಿ, ಮೂರನೆಯ ಸಲ ಕಚೇರಿಗೆಲ್ಲ ಕೇಳುವಂತೆ ಓದಿದ. ಮಧ್ಯಾಹ್ನದೊಳಗೆ ವಿಕಾಸ ಬಾಬ ಬಂದ. ಸಿಟ್ಟಿಗಿಂತ ಆಶ್ಚರ್ಯವೇ ಅವನ ಮುಖದಲ್ಲಿ ಹೆಚ್ಚಿತ್ತು.

"ಇದು ಸಾಧ್ಯವೇ ಇಲ್ಲ ತಳೇಕರ್ ಬಾಬ್. ಆ ದಿನ ನೀರು ಹಾಗಿರಲೇ ಇಲ್ಲ."

"ಆ ದಿನ ಅಂದ್ರೆ? ಬೇರೆ ದಿನ ಹೇಗಿರ್ತದೆ?"

ಆ ದಿನ ಬಾವಿಯ ನೀರು ಬಿಡಿಸಿದ್ದೆನೆಂದು ಹೇಳಿದರೆ ಮಿಕ್ಕ ದಿನಗಳ ಕಥೆ ಹೇಳಿದಂತೆಯೇ. ವಿಕಾಸ ಬಾಬ ಅನ್ಯಾಯಕ್ಕೊಳಗಾದ ಪ್ರಾಮಾಣಿಕನ ಹಾಗೆ ಮುಖ ಮಾಡಿಕೊಂಡು ಮೆಟ್ಟಿಲಿಳಿದು ಹೋದ. ಹುಲಿಯಾನನ್ನು ಕರೆದು ಮಂಗೇಶ ಹೇಳಿದ: "ಸೋಮವಾರ ಕನೆಕ್ಷನ್ ಕಟ್. ಅಲ್ಲಿಯವರೆಗೆ ನೀನು ಇಳೀಬೇಡ."

ಸಂಜೆ ಮನೆಯಲ್ಲಿ ಅದೇ ಕಥೆಯನ್ನು ಇನ್ನಷ್ಟು ವಿಸ್ತಾರವಾಗಿ ಹೇಳುತ್ತಿದ್ದಾಗ ಹೆಂಡತಿ ಸುಗಂಧಾ ನಡುವೆ ಬಾಯಿ ಹಾಕಿದಳು.

"ಅದಿರಲಿ, ನೀವು ಒಯ್ದದ್ದು ಯಾವ ಕ್ಯಾನು? ನಾನು ತೊಳೆದಿಟ್ಟದ್ದು ಇನ್ನೂ ಬಾವಿಕಟ್ಟೆಯಲ್ಲೇ ಅದೆ."

"ಅಡುಗೆಮನೆ ಬಾಗಿಲ ಹತ್ರ ಇತ್ತಲ್ಲ, ಅದು."

"ಅಯ್ಯೋ ದೇವಾ! ಅದ್ರಲ್ಲಿ ಮುರುಗಲ ಹಣ್ಣಿನ ಕೆಂಪು ಹುಳಿ ರಸ ಇತ್ತು. ತಳದಲ್ಲಿ ಒಂದು ಬೆರಳಷ್ಟು ಉಳಿದಿತ್ತು. ಮಗಳು ದೀಕ್ಷಾ ಬಂದ್ರೆ ಪಾನಕ ಮಾಡಿಕೊಡ್ವಾ ಅಂತ ಇಟ್ಟಿದ್ದೆ."

ಮಂಗೇಶ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಕಾರ್ಖಾನೆ ಬಿಟ್ಟ ಶುದ್ಧ ಬಾವಿನೀರಿಗೆ ತಾನೇ ಹುಳಿ ಹಿಂಡಿ, ಅರಗು ಒತ್ತಿ, ಸಹಿ ಹಾಕಿ ಸರಕಾರಕ್ಕೆ ಕಳಿಸಿದ್ದ.

"ಸುಮ್ಮನಿರಿ," ಎಂದಳು ಸುಗಂಧಾ. "ಅವ ಆಸಿಡ್ ಬಿಡೂದು ನಿಜವೋ ಸುಳ್ಳೋ?"

"ನಿಜ."

"ವರದಿ ಬಂದದ್ದೂ ಹಾಗೇ ಅಲ್ವಾ? ಮತ್ತೆ ನಿಮಗೇನು ಹೊಟ್ಟೆನೋವು?"

ಆ ಶನಿವಾರ, ಭಾನುವಾರ ಅವನು ಸರಿಯಾಗಿ ಉಣ್ಣಲಿಲ್ಲ. ಹುಲಿಯಾನ ಪಾದ ಕಣ್ಣ ಮುಂದೆ ಬರುತ್ತಿತ್ತು. ಅದರ ಮೇಲೆ ಒಂಬತ್ತನೆಯ ಕಲಮಿನ "ಹೌದು" ಬಂದು ಕೂರುತ್ತಿತ್ತು. ನಾಳೆ ಕೋರ್ಟಿನಲ್ಲಿ ಯಾರಾದರೂ ಕೇಳಿದರೆ? ಯಾರೂ ಕೇಳದಿದ್ದರೂ, ತನ್ನ ಕೈಬರಹದಲ್ಲಿ ಒಂದು ಸುಳ್ಳು ಫೈಲಿನಲ್ಲಿ ಶಾಶ್ವತವಾಗಿ ಉಳಿಯುತ್ತದಲ್ಲ! ತನಗೆ ಹೆಚ್ಚು ನೋಯುತ್ತಿದ್ದದ್ದು ಆ ಪಾದವೋ ಈ ಸುಳ್ಳೋ ಎಂದು ಕೇಳಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

ಸೋಮವಾರ ಎಂಜಿನಿಯರ್ ಜಗದೀಶರು ಆದೇಶಕ್ಕೆ ಸಹಿ ಹಾಕಲು ಪೆನ್ನು ತೆರೆದಾಗ ಮಂಗೇಶ ಎಲ್ಲವನ್ನೂ ಹೇಳಿಬಿಟ್ಟ. ಜಗದೀಶರು ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

"ನಂಗ್ಯಾಕೆ ಹೇಳಿದ್ರಿ ಮಾರಾಯ್ರೇ? ಹೇಳಿದ ಮೇಲೆ ನಾನು ಸಹಿ ಹಾಕೂಕೆ ಬರೂದಿಲ್ಲ."

"ಸುಳ್ಳಿನಿಂದ ಗೆಲ್ಲೂದು ಬೇಡ ಸಾಹೇಬ್ರೇ."

"ನೀವು ಗೆದ್ರಿ. ಚೇಂಬರಿಗೆ ಇಳಿಯೂದು ನೀವಲ್ಲವಲ್ಲ."

ವರದಿ ರದ್ದಾಯಿತು. ಹೊಸ ನೋಟೀಸು, ಹೊಸ ಏಳು ದಿನ, ತೊಳೆದ ಕ್ಯಾನು. ನೀರು ನಿರ್ದೋಷಿಯೆಂದು ಲ್ಯಾಬು ಬರೆಯಿತು. ವಿಕಾಸ ಬಾಬ ಪೇಡೆಯ ಪೆಟ್ಟಿಗೆ ಕಳಿಸಿದ. ಮಂಗೇಶ ವಾಪಸು ಕಳಿಸಿದ. ಈ ಸಲ ಅದನ್ನು ಯಾರಿಗೂ ಹೇಳಲಿಲ್ಲ.

ಜೂನ್ ಕೊನೆಯ ವಾರ ಆ ಬೀದಿಯ ಚೇಂಬರು ಮತ್ತೆ ಕಟ್ಟಿಕೊಂಡಿತು. ಕೊಳಕು ರಸ್ತೆಗೆ ಬಂತು. ರಸ್ತೆಯಿಂದ ಒಬ್ಬ ನಗರಸಭಾ ಸದಸ್ಯರ ಅಂಗಳಕ್ಕೂ ಬಂತು. ಕೊಳಚೆ ಹೀರುವ ಲಾರಿ ಅಂಕೋಲೆಯ ಗ್ಯಾರೇಜಿನಲ್ಲಿ ಬಾನೆಟ್ಟು ತೆರೆದು ನಿಂತಿತ್ತು. ಆಳನ್ನು ಇಳಿಸಕೂಡದೆಂಬ ಸುತ್ತೋಲೆ ಕಚೇರಿಯ ಗೋಡೆಯ ಮೇಲಿತ್ತು. ಸದಸ್ಯರ ಫೋನು ಹತ್ತು ನಿಮಿಷಕ್ಕೊಮ್ಮೆ ಬರುತ್ತಿತ್ತು. ಮಂಗೇಶ ಹುಲಿಯಾನನ್ನು ಚೇಂಬರಿನ ಬಳಿಗೆ ಕರೆಸಿ, ಇಳಿ ಎಂದ.

ಹುಲಿಯಾ ಬಗ್ಗಿ ಕೆಳಗೆ ನೋಡಿದ. ಪಾದದ ಗಾಯ ಆಗಷ್ಟೇ ಮಾಯ್ದಿತ್ತು. "ಒಡೆಯಾ, ಕಾಗದ ಬಂದಿತ್ತಂತಲ್ಲ. ಎಂತ ಹೇಳ್ತದೆ?"

ಕಾಗದ ಹೇಳುವುದು ಒಂದೇ ದಿನದ ಮಾತು, ಆ ದಿನ ಕಳೆದು ಎರಡು ವಾರವಾಯಿತು ಎಂದು ಮಂಗೇಶನಿಗೆ ಗೊತ್ತಿತ್ತು. ಜೇಬಿನಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು.

"ಪಾಸಾಗಿದೆ," ಎಂದ.

"ಪಾಸಾದ್ರೆ ಆಯ್ತು ಬಿಡಿ," ಎಂದು ಹುಲಿಯಾ ಅಂಗಿ ಕಳಚಿಟ್ಟು ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಸೊಂಟದವರೆಗೆ ನೀರಿಗಿಳಿದು, ಬಿದಿರಗಳುವಿನಿಂದ ತಿವಿದು, ಕಟ್ಟಿದ್ದನ್ನು ಬಿಡಿಸಿದ. ಕೊಳವೆಯಲ್ಲಿ ತಡೆದು ನಿಂತಿದ್ದ ಕಾರ್ಖಾನೆಯ ನೀರು ಒಮ್ಮೆಲೇ ನುಗ್ಗಿತು. ಕೂಗು ಕೇಳಿ ಹಗ್ಗ ಎಳೆದವರಲ್ಲಿ ಮಂಗೇಶನೂ ಒಬ್ಬ.

ಆಸ್ಪತ್ರೆಯಲ್ಲಿ ಸೊಂಟದಿಂದ ಕೆಳಗೆ, ಮೊಣಕೈಯಿಂದ ಕೆಳಗೆ ಬಿಳಿಯ ಪಟ್ಟಿ ಸುತ್ತಿದರು. ಜೀವಕ್ಕೆ ಭಯವಿಲ್ಲ, ಬಲಗಣ್ಣಿನದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಊರಿನಿಂದ ಓಡಿಬಂದ ಅವನ ಹೆಂಡತಿ ತಿಮ್ಮಿ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ಹೇಳಿಕೆ ಬರೆದುಕೊಳ್ಳಲು ಪೊಲೀಸ್ ಪೇದೆಯೊಬ್ಬ ಬಂದ. ಗುತ್ತಿಗೆದಾರ ತುಳಸಿದಾಸ ಅವನಿಗೆ ಕುರ್ಚಿ ಎಳೆದುಕೊಟ್ಟ.

"ಇಳಿ ಅಂತ ಹೇಳಿದ್ದು ಯಾರು?" ಪೇದೆ ಕೇಳಿದ.

"ಯಾರೂ ಇಲ್ರೀ," ಎಂದ ತುಳಸಿದಾಸ. "ಇಣುಕೂಕೆ ಹೋಗಿ ಕಾಲು ಜಾರಿದೆ. ಹಾಗೆ ಬರೀರಿ, ಇವನಿಗೂ ಒಳ್ಳೇದು, ತಳೇಕರ್ ಸಾಹೇಬ್ರಿಗೂ ಒಳ್ಳೇದು."

ಪೇದೆ ಹುಲಿಯಾನ ಕಡೆ ತಿರುಗಿದ. ಹುಲಿಯಾ ಪಟ್ಟಿ ಇಲ್ಲದ ಕಣ್ಣಿನಿಂದ ಮಂಗೇಶನನ್ನು ಹುಡುಕಿದ. "ಒಡೆಯರು ಹೇಳ್ದಂಗೆ ಬರ್ಕಳಿ. ಅವ್ರು ಸುಳ್ ಹೇಳೂದಿಲ್ಲ."

ಮಂಗೇಶನಿಗೆ ನೌಕರಿ ಇನ್ನೂ ಒಂಬತ್ತು ವರ್ಷವಿತ್ತು. ಹುಲಿಯಾ ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

"ನಾನು ಹೇಳಿದ್ದು," ಎಂದ. "ಇಳಿ ಅಂದದ್ದು ನಾನು. ನೀರು ಪಾಸಾಗಿದೆ ಅಂದದ್ದೂ ನಾನೇ. ಆ ಪಾಸು ಸುಳ್ಳು ಅಂತ ಗೊತ್ತಿದ್ದೇ ಹೇಳಿದೆ."

ತುಳಸಿದಾಸ ಹಣೆ ಚಚ್ಚಿಕೊಂಡ. ಪೇದೆ ಬರೆದದ್ದನ್ನು ಓದಿ ಹೇಳಿ, ಸಹಿಯ ಜಾಗ ತೋರಿಸಿದ. ಮಂಗೇಶ ಸಹಿ ಹಾಕಿದ. ಅಕ್ಷರ ದುಂಡಗೆ ಬರಲಿಲ್ಲ.

ತಿಮ್ಮಿ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ತಲೆ ಎತ್ತಿದಳು.

"ಈಗ ಹೇಳ್ತ್ರಲ್ಲ ಒಡೆಯಾ, ಅದ್ನ ಗುಂಡಿ ಹತ್ರ ಹೇಳೂಕೆ ಏನಾಗಿತ್ತು?"