ಆರು ಅಂಕಿ ಹೇಳಿದವಳು

"ನೀನು ಕೇಳೋ ಹಾಗೇ ಕೇಳಿದ, ಮಗಳೇ. ಅದೇ ಅವಸರ, ಅದೇ ಧಾಟಿ. ಹೇಳಿಬಿಟ್ಟೆ," ಎಂದಳು ನಜೀಹಾ.

ಬರೆದುಕೊಳ್ಳುತ್ತಿದ್ದ ಬಸ್ಮಾಳ ಪೆನ್ನು ನಿಂತಿತು. ಸ್ಫಾಕ್ಸ್ ನಗರದಿಂದ ದಕ್ಷಿಣದ ಊರುಗಳ ಔಷಧಿ ಅಂಗಡಿಗಳಿಗೆಲ್ಲ ಸರಕು ಕಳಿಸುವ ಆ ಕಂಪನಿಯಲ್ಲಿ ಕಂಪ್ಯೂಟರ್ ಜಾಲದ ಕಾವಲು ಅವಳದು. ಆರ್ಡರ್ ಬರೆದುಕೊಳ್ಳುವ ಮೇಜು ಮೂವತ್ತೊಂದು ವರ್ಷದಿಂದ ನಜೀಹಾಳದು. ಸೋಮವಾರ ಬೆಳಿಗ್ಗೆ ಯಾರೋ ರಾಜಧಾನಿ ಟ್ಯೂನಿಸ್‌ನ ಮುಖ್ಯ ಕಚೇರಿಯವನೆಂದು ಫೋನು ಮಾಡಿ, ಜಾಲದೊಳಗೆ ಹೋಗಲು ಅವಳ ಮೊಬೈಲಿಗೆ ಬಂದ ಆರು ಅಂಕಿಗಳನ್ನು ಕೇಳಿ ಪಡೆದಿದ್ದ. ಮಂಗಳವಾರ ಮಧ್ಯಾಹ್ನಕ್ಕೆ ನೂರ ನಲವತ್ತು ಕಂಪ್ಯೂಟರುಗಳಿಗೂ ಬೀಗ ಬಿದ್ದಿತ್ತು. ಬೀಗ ತೆಗೆಯಲು ಹಣ ಕೇಳುವ ನಾಲ್ಕು ಸಾಲು ಬಿಟ್ಟರೆ ಪರದೆಗಳ ಮೇಲೆ ಏನೂ ಉಳಿದಿರಲಿಲ್ಲ.

"ಯಾರು ಏನು ಅಂತ ವಿಚಾರಿಸಬೇಕಿತ್ತಲ್ಲ ಖಾಲ್ತಿ?" ಕಚೇರಿಯವರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು.

"ಒಂದ್ಸಲ ವಿಚಾರಿಸಿದ್ದೆ. ಹೋದ ರಮಜಾನಿನಲ್ಲಿ ಒಬ್ಬ ಹೀಗೇ ಕೇಳಿದಾಗ ಕೊಡಲ್ಲ ಅಂದಿದ್ದೆ. ಅವನು ನಿಜವಾಗ್ಲೂ ಟ್ಯೂನಿಸ್ಸಿನೋನೇ ಆಗಿದ್ದ. ಆಮೇಲೆ ಏನಾಯ್ತು, ನೀನೂ ಇದ್ದೆಯಲ್ಲ."

ಬಸ್ಮಾ ಇದ್ದಳು. ನಿರ್ದೇಶಕ ಮುನ್ಜಿ ಮೇಲಿನ ಮಹಡಿಯಿಂದ ತಾನೇ ಇಳಿದು ಬಂದು, ಎಲ್ಲರೆದುರು, "ಮುಖ್ಯ ಕಚೇರಿಯವರನ್ನೇ ಕಳ್ಳರು ಅಂತೀಯೇನು? ನಿನ್ನಂಥ ಹಳೇ ತಲೆಗಳಿಂದಲೇ ನಾವು ಹಿಂದೆ ಬಿದ್ದಿರೋದು," ಎಂದಿದ್ದ. ಉಪವಾಸದ ದಿನ. ನಜೀಹಾಳ ತುಟಿ ಒಣಗಿ ಬಿಳಿಚಿತ್ತು. ಅವಳು ಮಾಡಿದ್ದೇ ಸರಿಯೆಂದು ಹೇಳಬಹುದಾಗಿದ್ದವಳು ಬಸ್ಮಾ ಒಬ್ಬಳೇ. ಅವಳು ಕೈಯಲ್ಲಿದ್ದ ತಂತಿಯನ್ನು ಸುತ್ತುತ್ತಾ ನಿಂತಿದ್ದಳು.

ಬಸ್ಮಾಳ ತಪ್ಪು ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅಷ್ಟು ಯಂತ್ರಗಳಿಗೆ ತಾನೊಬ್ಬಳೇ ಆಗಿ, ಇನ್ನಿಬ್ಬರನ್ನು ಕೊಡಿರೆಂದು ಮೂರು ವರ್ಷದಿಂದ ಪತ್ರ ಬರೆದು ಸೋತ ಮೇಲೆ, ಬಸ್ಮಾ ಮೆಟ್ಟಿಲು ಹತ್ತಿಳಿಯುವುದನ್ನೇ ಬಿಟ್ಟಿದ್ದಳು. ನಜೀಹಾಳ ಯಂತ್ರ ಕೆಟ್ಟರೆ ಕೂತಲ್ಲಿಂದಲೇ ಅದರೊಳಗೆ ಹೋಗಲು ಫೋನು: "ಖಾಲ್ತಿ, ನಂಬರ್ ಬಂತಾ? ಬೇಗ ಹೇಳು."

ಸಂಜೆಯೊಳಗೆ ಮುನ್ಜಿಯ ಕೋಣೆಯಲ್ಲಿ ವರದಿ ಸಿದ್ಧವಾಗಿತ್ತು. ಒಬ್ಬ ಉದ್ಯೋಗಿ, ತರಬೇತಿ ಪಡೆದಿದ್ದರೂ, ನಿಯಮ ಮುರಿದು ರಹಸ್ಯ ಅಂಕಿಗಳನ್ನು ಹೊರಗಿನವರಿಗೆ ಕೊಟ್ಟಿದ್ದಾಳೆ, ಕೆಲಸದಿಂದ ತೆಗೆಯಬಹುದು. ಬಸ್ಮಾಳ ಸಹಿಯೊಂದು ಬಾಕಿ.

"ತರಬೇತಿ ನಡೀಲೇ ಇಲ್ಲ ಸರ್," ಎಂದಳು ಬಸ್ಮಾ. "ಅವತ್ತು ಜೆರ್ಬಾಕ್ಕೆ ಹೋಗೋ ಲಾರಿ ತುಂಬಿಸೋ ಗಡಿಬಿಡಿ. ಸಹಿಯ ಹಾಳೆ ಮಾತ್ರ ಮೇಜಿಂದ ಮೇಜಿಗೆ ಹೋಯ್ತು."

"ಹಾಳೆ ಹಿಡ್ಕೊಂಡು ಹೋದವಳು ಯಾರು?"

"ನಾನೇ."

ಮುನ್ಜಿ ಕನ್ನಡಕ ತೆಗೆದ. ಸಿಟ್ಟಿನವನಂತೆ ಕಾಣಲಿಲ್ಲ, ದಣಿದಿದ್ದ. "ನೋಡಮ್ಮ, ನಿವೃತ್ತಿಗೆ ಅವಳಿಗಿನ್ನು ಎರಡು ವರ್ಷ, ಹೇಗೂ ಮನೆಗೆ ಹೋಗೋಳು. ನಿನಗೆ ಇಬ್ಬರು ಹೆಣ್ಣುಮಕ್ಕಳಿದಾರೆ. ನೀನು ಕೇಳ್ತಿದ್ದ ಇಬ್ಬರನ್ನ ಮುಂದಿನ ವಾರವೇ ಕೊಡ್ತೀನಿ. ಇಂಥದ್ದೊಂದು ಆದ ಮೇಲೆ ಟ್ಯೂನಿಸ್ಸಿನೋರು ಇಲ್ಲ ಅನ್ನೋಕಾಗಲ್ಲ."

ಬೆಳಿಗ್ಗೆಯವರೆಗೆ ಸಮಯ ಕೇಳಿ ಬಸ್ಮಾ ಹಾಳೆ ತೆಗೆದುಕೊಂಡು ಹೊರಟಳು.

ಮರುದಿನ ಎಂಟು ಗಂಟೆಗೆ ಬಂದಾಗ ನಜೀಹಾ ಆಗಲೇ ಫೋನಿನಲ್ಲಿದ್ದಳು. ಆರ್ಡರುಗಳ ಪಟ್ಟಿಯೆಲ್ಲ ಬೀಗದೊಳಗೆ; ಅವಳ ಮುಂದೆ ಬಿಳಿ ಹಾಳೆಗಳು. ಕೆರ್ಕೆನ್ನಾ ದ್ವೀಪದ ಅಂಗಡಿಯವಳು ಆ ಕಡೆಯಿಂದ ಕೂಗಾಡುತ್ತಿದ್ದುದು ಬಸ್ಮಾಳಿಗೂ ಕೇಳಿಸಿತು.

"ಕಿರುಚಬೇಡ ಹಯಾತ್, ಕಿವಿ ಇದೆ ನಂಗೆ," ಎಂದಳು ನಜೀಹಾ. "ನಿನ್ನ ಅಂಗಡಿಗೆ ಇನ್ಸುಲಿನ್ ಎಷ್ಟು ಹೋಗುತ್ತೆ ಅಂತ ನಂಗೊತ್ತು. ರಾತ್ರಿದು ನಲವತ್ತು, ಊಟದ ಮುಂಚಿನದು ಇಪ್ಪತ್ತೈದು. ಆ ಮುಖ್ಯೋಪಾಧ್ಯಾಯರ ಹೆಂಡತೀದು ಬೇರೆ ಥರದ್ದು, ಅದನ್ನೂ ಹಾಕಿಸ್ತೀನಿ. ಹನ್ನೊಂದರ ದೋಣಿಗೆ ಬರುತ್ತೆ. ಐಸ್ ಕರಗೋದರೊಳಗೆ ಯಾರನ್ನಾದರೂ ದಡಕ್ಕೆ ಕಳಿಸು."

ಫೋನಿಟ್ಟವಳೇ ಇನ್ನೊಂದನ್ನು ಎತ್ತಿಕೊಂಡಳು. ಅವಳ ಕೆಲಸ ಇವತ್ತಿಗೋ ನಾಳೆಗೋ ಎಂಬುದು ಕಚೇರಿಗೆಲ್ಲ ಗೊತ್ತಿತ್ತು, ಅವಳಿಗೂ.

ಬಸ್ಮಾ ಪಕ್ಕದ ಮೇಜಿನಲ್ಲಿ ಕೂತು, ಮುನ್ಜಿ ಕೊಟ್ಟ ಹಾಳೆಯ ಹಿಂಬದಿಯಲ್ಲೇ ಬರೆದಳು. ಫೋನಿನಲ್ಲಿ ಅಂಕಿ ಕೇಳುವ ಅಭ್ಯಾಸ ಹಾಕಿದ್ದು ತಾನು. ಕೊಡದಿದ್ದಾಗ ಈಕೆಗೆ ಎಲ್ಲರೆದುರು ಅವಮಾನವಾಯಿತು, ಆಗ ತಾನು ಬಾಯಿ ಬಿಡಲಿಲ್ಲ. ತರಬೇತಿ ನಡೆದಿಲ್ಲ, ಸಹಿ ಸಂಗ್ರಹಿಸಿದ್ದೂ ತಾನೇ. ಇನ್ನಿಬ್ಬರನ್ನು ಕೇಳಿ ಬರೆದಿದ್ದ ಮೂರು ಪತ್ರಗಳ ತಾರೀಖುಗಳನ್ನು ಕೆಳಗೆ ಬರೆದು, ಹೆಸರು ಹಾಕಿ, ಒಂದು ಪ್ರತಿಯನ್ನು ನೇರವಾಗಿ ಟ್ಯೂನಿಸ್‌ಗೆ ಕಳಿಸಿದಳು.

ಮೂರು ವಾರಕ್ಕೆ ಉತ್ತರ ಬಂತು. ಕರ್ತವ್ಯಲೋಪಕ್ಕಾಗಿ ಬಸ್ಮಾಳನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿತ್ತು. ನಜೀಹಾಳಿಗೆ ಎಚ್ಚರಿಕೆಯ ಪತ್ರ, ಕಚೇರಿಯ ಹಿಂಭಾಗದ ಗೋದಾಮಿಗೆ ವರ್ಗ. ಮುನ್ಜಿಯ ವಿಷಯದಲ್ಲಿ ಒಂದು ಸಾಲೂ ಇರಲಿಲ್ಲ. ಜಾಲದ ಕೆಲಸಕ್ಕೆ ಹೊಸಬರಿಬ್ಬರು ಬಂದರು. ಬಸ್ಮಾ ನಾಲ್ಕು ದಿನ ಕೂತು ಅವರಿಗೆ ಎಲ್ಲವನ್ನೂ ತೋರಿಸಿಕೊಟ್ಟಳು.

ಕೊನೆಯ ದಿನ ಗೋದಾಮಿಗೆ ಹೋದಳು. ನಜೀಹಾ ರಟ್ಟಿನ ಪೆಟ್ಟಿಗೆಗಳ ನಡುವೆ ಸಣ್ಣ ಮೇಜು ಹಾಕಿಕೊಂಡು ಚೀಟಿ ಅಂಟಿಸುತ್ತಿದ್ದಳು. ನೋಡಿದವಳೇ ಬೈದಳು.

"ಬುದ್ಧಿ ಇದೆಯೇನೇ ನಿಂಗೆ? ನಾನೊಬ್ಬಳು ಹೋಗಿದ್ರೆ ಮುಗೀತಿತ್ತು. ಮಕ್ಕಳಿಗೇನು ನಿನ್ನ ಸತ್ಯ ಬೇಯಿಸಿ ಹಾಕ್ತೀಯಾ?"

"ಬೇರೆ ಕೆಲಸ ಸಿಗುತ್ತೆ ಖಾಲ್ತಿ."

"ಸಿಗುತ್ತೆ, ಸಿಗುತ್ತೆ." ನಜೀಹಾ ಪೆಟ್ಟಿಗೆಯೊಂದನ್ನು ಸರಿಸಿ ಕೂರಲು ಜಾಗ ಮಾಡಿದಳು. "ಕೂತ್ಕೋ. ಇಲ್ಲಿ ನೆಮ್ಮದಿ. ಒಬ್ಬರೂ ತಲೆ ತಿನ್ನಲ್ಲ."

ಕಚೇರಿಯ ಕಡೆಯ ಬಾಗಿಲು ತೆರೆದಿತ್ತು. ಒಳಗೆಲ್ಲೋ ಫೋನು ರಿಂಗಾಯಿತು. ಮಾತಾಡುತ್ತಿದ್ದ ನಜೀಹಾಳ ಎಡಗೈ ತಾನಾಗಿ ಮೇಜಿನ ಅಂಚಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆ ಕೈಯಿಂದಲೇ ಅವಳು ಅಂಟಿನ ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿದಳು. ಫೋನು ಇನ್ನೂ ರಿಂಗಾಗುತ್ತಿತ್ತು.