ನಾಲ್ಕನೇ ಮಹಡಿಯಿಂದ ಕೆಳಗೆ

ಎರಡನೇ ಮಹಡಿಯ ತಿರುವಿನಲ್ಲಿ ಲಿಫ್ಟ್ ಮೆಕ್ಯಾನಿಕ್ ಮೊಣಕಾಲೂರಿ, ಗೋಡೆಯಿಂದ ಕಂಬಿಯವರೆಗೆ ಟೇಪು ಎಳೆದು ಅಳೆಯುತ್ತಿದ್ದ. ಹೆಂಡತಿಯನ್ನು ಮಲಗಿಸಿದ ಸ್ಟ್ರೆಚರ್ ಇಲ್ಲಿ ತಿರುಗಬೇಕಿತ್ತು. ಊರಿನ ಅರ್ಧ ಕಟ್ಟಡಗಳಿಗೆ ಲಿಫ್ಟು ಕೂರಿಸಿದವನ ಸ್ವಂತ ಮನೆಗೆ ಎಪ್ಪತ್ತೆರಡು ಮೆಟ್ಟಿಲು. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂದು ಅವನನ್ನು ಕಾಡಿಸದವರೇ ಇರಲಿಲ್ಲ. ಇವತ್ತು ಯಾರೂ ಕಾಡಿಸಲಿಲ್ಲ.

ಓರೆ ಮಾಡಿದರೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಮೇಲೆ ಬಂದ.

ಮನೆ ತುಂಬ ಜನ, ಪಿಸುಮಾತು. ಅವಳು ಹದಿನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಸೀಟಿ ಊದಿದರೆ ಮುಂದಿನ ಸ್ಟಾಪಿನವರೂ ತಿರುಗಿ ನೋಡುತ್ತಿದ್ದರು. ಹಾಗಾಗಿ ಎಲ್ಲರಿಗೂ ಸೀಟಿಯಕ್ಕ. ಅಂಥವಳು ಜ್ವರ ಬಿಟ್ಟ ಮೇಲೂ ಎರಡು ವರ್ಷ ಕೆಳಗಿಳಿಯಲಿಲ್ಲವೆಂದರೆ ಅದು ಸೋಮಾರಿತನವಲ್ಲದೆ ಇನ್ನೇನು ಎಂಬುದು ಕಟ್ಟಡದವರ ತೀರ್ಪು. ಕೂತು ಕೂತೇ ಹೃದಯ ನಿಂತಿತು ಎಂದು ಯಾರೋ ಅಂದರು. ಅವಳ ತಂಗಿಗೆ ಅದು ಕೇಳಿಸಿತು.

"ಭಾವ, ನಮ್ಮಕ್ಕ ಸೋಮಾರಿನಾ? ನೀವೇ ಹೇಳಿ ಇವರಿಗೆ. ಅವಳು ಇಲ್ಲಿಂದ ಹೋಗೋದ್ರೊಳಗೆ ಹೇಳಿ."

ಆ ಮಾತನ್ನು ಕಟ್ಟಡಕ್ಕೆಲ್ಲ ಹಂಚಿದವನು ಅವನೇ.

*

ಜ್ವರ ಇದ್ದದ್ದು ಒಂಬತ್ತೇ ದಿನ. ಬಿಟ್ಟ ಮೇಲೆ ಕಾಲಿಗೆ ಬಲ ಬರಲೇ ಇಲ್ಲ. ತಲೆ ಬಾಚಿಕೊಂಡರೆ ಮಧ್ಯಾಹ್ನದವರೆಗೆ ಮಲಗಬೇಕು. ಟಿಕೆಟ್ ದರವೆಲ್ಲ ನಾಲಿಗೆಯ ತುದಿಯಲ್ಲಿದ್ದವಳು ಒಲೆಯ ಮೇಲೆ ಹಾಲಿಟ್ಟು, ಯಾಕೆ ಇಟ್ಟೆ ಎಂದು ಯೋಚಿಸುತ್ತ ನಿಲ್ಲುವಳು. ರಕ್ತ, ಎಕ್ಸರೇ, ಇಸಿಜಿ ಎಲ್ಲ ಸರಿಯಿದೆ ಎಂದು ಡಾಕ್ಟರು ಬರೆದುಕೊಟ್ಟರು. ನಿಂತ ಯಂತ್ರಕ್ಕೆ ತುಕ್ಕು ಹಿಡಿಯುತ್ತದೆ, ದಿನವೂ ಓಡಿಸಬೇಕು: ಅವನ ಕಸುಬು ಅವನಿಗೆ ಕಲಿಸಿದ್ದು ಅಷ್ಟೇ. ಸೀಮೆಸುಣ್ಣದಲ್ಲಿ ಮೆಟ್ಟಿಲುಗಳ ಮೇಲೆ ವಾರದ ಹೆಸರು ಬರೆದ. ಸೋಮವಾರ ಆರು ಮೆಟ್ಟಿಲು, ಮಂಗಳವಾರ ಎಂಟು.

ಗುರುವಾರದ ಮೆಟ್ಟಿಲಲ್ಲಿ ಅವಳು ಕುಸಿದು ಕೂತಳು. ಎತ್ತಿಕೊಂಡು ಬಂದು ಮಲಗಿಸಿದರೆ ಹನ್ನೊಂದು ದಿನ ಏಳಲಿಲ್ಲ. ಎದ್ದ ಮೇಲೆ ಮತ್ತೆ ಸೋಮವಾರದಿಂದ ಶುರು ಮಾಡಿಸಿದ.

ನೆಲಮಹಡಿಯ ಮನೆ ಖಾಲಿಯಾದಾಗ ಅವಳೇ ಕೇಳಿದಳು. "ರೀ, ಕೆಳಗಿನ ಮನೆಗೆ ಹೋಗೋಣ. ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡ್ರೆ ಬಸ್ಸಾದ್ರೂ ಕಾಣ್ಸುತ್ತೆ."

"ಆಮೇಲೆ ಮೆಟ್ಟಿಲು ಹತ್ತೋದನ್ನೇ ಮರೀತೀಯ. ಮನಸ್ಸು ಗಟ್ಟಿ ಮಾಡ್ಕೋ."

"ಮನಸ್ಸು ದಿನಾ ಇಳಿದು ಡಿಪೋಗೆ ಹೋಗಿ ಬರುತ್ತೆ ರೀ. ಕಾಲೇ ಜೊತೆಗೆ ಹೋಗಲ್ಲ ಅನ್ನುತ್ತೆ," ಎಂದು ನಕ್ಕಳು.

ಅವನು ನಗಲಿಲ್ಲ. ಅವಳಿಗೆ ಏಳೋ ಮನಸ್ಸಿಲ್ಲ ಅಷ್ಟೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಕೆಳಗಿನ ಮನೆಗೆ ಬೇರೆಯವರು ಬಂದರು.

*

ನಾಲ್ಕು ಜನ ಸ್ಟ್ರೆಚರ್ ಎತ್ತಿದರು. ತಲೆಯ ಕಡೆ ಅವನು, ಪಕ್ಕದಲ್ಲಿ ಅವಳ ಬಸ್ಸಿನ ಡ್ರೈವರ್. ಬಂದವರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಹಿಂದೆ ಇಳಿದರು. ಅವಳು ಇಷ್ಟು ಹಗುರವಾಗಿಬಿಟ್ಟಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಮೂರನೇ ಮಹಡಿಗೆ ಬಂದಾಗ ನಿಂತುಬಿಟ್ಟ.

"ಇಳಿಸಿ."

ಭಾರವಾಯಿತೇ, ಬೇರೆ ಯಾರನ್ನಾದರೂ ಕರೆಯಲೇ ಎಂದು ಡ್ರೈವರ್ ಕೇಳಿದ.

"ಭಾರ ಅಲ್ಲ. ಅವಳಿಗೆ ಸುಸ್ತಾಗುತ್ತೆ." ಮೇಲಿನ ಕೊನೆಯ ಮೆಟ್ಟಿಲಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. "ನಿಜವಾಗ್ಲೂ ಆಗ್ತಿತ್ತು. ನಾನೇ ನಂಬಲಿಲ್ಲ. ಸ್ವಲ್ಪ ಕೂತು ಹೋಗೋಣ."

ಸ್ಟ್ರೆಚರನ್ನು ನೆಲಕ್ಕಿಳಿಸಿದರು. ಅವನು ಅದರ ಪಕ್ಕ ಮೆಟ್ಟಿಲ ಮೇಲೆ ಕೂತ. ಅವಳ ತಂಗಿ ಎರಡು ಮೆಟ್ಟಿಲು ಮೇಲೆ ಗೋಡೆಗೊರಗಿ ಕೂತಳು. ಡ್ರೈವರ್ ಕೂತ. ಅವನ ಹಿಂದೆ ನೆರೆಯವರು ಒಬ್ಬೊಬ್ಬರಾಗಿ, ನಾಲ್ಕನೇ ಮಹಡಿಯ ಬಾಗಿಲಿನವರೆಗೂ ಕೂತರು. ಕೆಳಗೆ ಕಾಯುತ್ತಿದ್ದ ಶವದ ವ್ಯಾನಿನ ಹಾರ್ನ್ ಕೇಳಿಸಿತು. ಯಾರೂ ಏಳಲಿಲ್ಲ.